ಬಿಸಿಲು ತಾಳುವ ಕಡಲೆಕಾಯಿ



ರಾಯದುರ್ಗ, ಮಡಕಶಿರಾ ಸೀಮೆಯ ನಮಗೆ ಕಡಲೆಕಾಯಿ ಅಂದರೆ ಬರೀ ಬೆಳೆ ಅಲ್ಲ. ಮನೆಯ ಸಾಲ ತೀರುವುದೂ ಅದರಿಂದ, ಏರುವುದೂ ಅದರಿಂದ. ಕೆಲವು ವರ್ಷ ಗಿಡ ಹಸಿರಾಗಿ ನಿಂತಿರುತ್ತೆ. ಹೂವೂ ಬಿಟ್ಟಿರುತ್ತೆ. ಕಿತ್ತು ನೋಡಿದರೆ ಬುಡದಲ್ಲಿ ನಾಲ್ಕೇ ಕಾಯಿ! ಯಾಕೆ ಹೀಗೆ? ಅದನ್ನೇ ಇವತ್ತು ಮಾತಾಡೋಣ.

ಬಿತ್ತಿದ 25-30 ದಿನಕ್ಕೆ ಹೂ ಶುರುವಾಗುತ್ತೆ. ಹೂ ಅರಳುವುದು ಬೆಳಗಿನ ಜಾವ. ಹೂವಿನ ಒಳಗೆ ಹಳದಿ ಪುಡಿ ಇರುತ್ತೆ. ಅದಕ್ಕೆ ಪರಾಗ ಅನ್ನುತ್ತಾರೆ. ಅದು ಅದೇ ಹೂವಿನ ಹೆಣ್ಣು ಭಾಗಕ್ಕೆ ಅಂಟಿದರೆ ಬಸಿರು ನಿಲ್ಲುತ್ತೆ. ಆಮೇಲೆ ಹೂ ಬಾಡುತ್ತೆ. ಸೂಜಿಯಂಥ ಕಡ್ಡಿ ಮಣ್ಣಿಗೆ ಇಳಿಯುತ್ತೆ. ಅದರ ತುದಿಯೇ ಕಾಯಿ.

ಹಗಲಿನ ಬಿಸಿ 34-35 ಡಿಗ್ರಿ ದಾಟಿದರೆ ಈ ಪುಡಿ ಜೊಳ್ಳಾಗತೊಡಗುತ್ತೆ. ಪೆಟ್ಟು ಬೀಳುವುದು ಹೂ ಅರಳಿದ ಮೇಲಲ್ಲ. ಮೂರ್ನಾಲ್ಕು ದಿನ ಮೊದಲು, ಮೊಗ್ಗಿನಲ್ಲೇ. ಅದಕ್ಕೇ ನಮ್ಮ ಕಣ್ಣಿಗೆ ಗೊತ್ತಾಗೋದಿಲ್ಲ. ಮಳೆಯೂ ಕೈಕೊಟ್ಟರೆ ಕಷ್ಟ ಇಮ್ಮಡಿ. ನಮಗೆ ಬೆವರು ಬಂದು ಮೈ ತಣ್ಣಗಾಗುತ್ತೆ ಅಲ್ಲವಾ? ಗಿಡವೂ ಎಲೆಯಿಂದ ನೀರು ಬಿಟ್ಟು ತಣ್ಣಗಾಗುತ್ತೆ. ನೆಲದಲ್ಲಿ ತೇವ ಇಲ್ಲದಿದ್ದರೆ ಅದಕ್ಕೂ ದಾರಿ ಇಲ್ಲ. ಗಟ್ಟಿ ನೆಲಕ್ಕೆ ಸೂಜಿಯೂ ಇಳಿಯೋದಿಲ್ಲ.

ಆದರೆ ಎಲ್ಲಾ ತಳಿ ಒಂದೇ ತರ ಅಲ್ಲ. ಕೆಲವು ಬಿಸಿಲಲ್ಲೂ ಕಾಯಿ ಕಟ್ಟುತ್ತವೆ. ಅಂಥದನ್ನು ಹುಡುಕಿ, ಒಳ್ಳೆಯ ಇಳುವರಿಯ ತಳಿಯ ಜೊತೆ ಕೂಡಿಸುತ್ತಾರೆ. ಇದು ಕೈಯಲ್ಲೇ ಮಾಡುವ ಕೆಲಸ. ಸಂಜೆ ಒಂದು ಗಿಡದ ಮೊಗ್ಗು ಬಿಡಿಸಿ ಗಂಡು ಭಾಗ ತೆಗೆಯುತ್ತಾರೆ. ಮರುದಿನ ಬೆಳಿಗ್ಗೆ ಇನ್ನೊಂದು ಗಿಡದ ಪುಡಿ ಹಚ್ಚುತ್ತಾರೆ. ಆ ಬೀಜ ಬಿತ್ತಿ, ಒಳ್ಳೆಯದನ್ನು ಆರಿಸಿ, ಮತ್ತೆ ಬಿತ್ತುತ್ತಾರೆ. ಬೇಕೆಂದೇ ಹೂ ಬಿಡುವ ಕಾಲ ಬಿಸಿಲಿಗೆ ಸಿಗುವಂತೆ ಬಿತ್ತಿ ಪರೀಕ್ಷೆ ಮಾಡುತ್ತಾರೆ. ಒಂದು ತಳಿ ಹೊರಬರಲು ಎಂಟು ಹತ್ತು ವರ್ಷ ಬೇಕು.

ನಮ್ಮ ಹಿರಿಯರು ಬೆಳೆದ ಟಿಎಂವಿ 2 ತಳಿ 1940ರದು. ಕದಿರಿ ಸಂಶೋಧನಾ ಕೇಂದ್ರದಿಂದ 2005ರಲ್ಲಿ ಕದಿರಿ 6 ಬಂತು. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯ ಐಸಿಜಿವಿ 91114 ತಳಿ 2006ರಲ್ಲಿ ಬಿಡುಗಡೆ ಆಯಿತು. ಅದು ಬರ ತಾಳುತ್ತೆ, ಬೇಗ ಕೊಯ್ಲಿಗೆ ಬರುತ್ತೆ. ಅದನ್ನು ಅನಂತಪುರ ಜಿಲ್ಲೆಯ ರೈತರು ತಮ್ಮ ಹೊಲದಲ್ಲೇ ಬೆಳೆದು ನೋಡಿದ್ದರು. ಬರ ತಾಳುವ ಕದಿರಿ ಲೇಪಾಕ್ಷಿ ಆಮೇಲೆ ಬಂತು.

ಒಂದು ಮಾತು ನೆನಪಿಡಿ. ಯಾವ ತಳಿಯೂ ಎಲ್ಲಾ ಬಿಸಿಲನ್ನೂ ಗೆಲ್ಲೋದಿಲ್ಲ. ಹದ ನೋಡಿ ಬಿತ್ತಬೇಕು. ಕೊಟ್ಟಿಗೆ ಗೊಬ್ಬರ ಹಾಕಿ ತೇವ ಉಳಿಸಬೇಕು.

ಬೀಜ ಕೊಳ್ಳುವಾಗ ಚೀಲದ ಚೀಟಿ ಓದಿ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ ಇರುತ್ತೆ. ತಳಿಯ ಹೆಸರು, ಪರೀಕ್ಷೆ ಮಾಡಿದ ತಾರೀಖು ನೋಡಿ. ಮೊಳಕೆ ಕನಿಷ್ಠ ನೂರಕ್ಕೆ 70 ಇರಬೇಕು. ಚೀಟಿ ತೆಲುಗಿನಲ್ಲಿದ್ದರೆ ಹೆದರಬೇಡಿ. ತೆಲುಗಿನ ಎಷ್ಟೋ ಅಕ್ಷರ ನಮ್ಮವನ್ನೇ ಹೋಲುತ್ತವೆ. ಕೂಡಿಸಿ ಓದಿ, ತಿಳಿಯದ್ದನ್ನು ಕೇಳಿ.

ಕಡಲೆಕಾಯಿ ಬೀಜ ಪ್ರತಿವರ್ಷ ಕೊಳ್ಳಬೇಕಾಗಿಲ್ಲ. ಒಳ್ಳೆಯ ಗಿಡದ ಕಾಯಿ ಚೆನ್ನಾಗಿ ಒಣಗಿಸಿ, ಸಿಪ್ಪೆ ಸಮೇತ ಇಡಿ. ಬಿತ್ತುವ ಮೊದಲು 100 ಬೀಜ ಎಣಿಸಿ, ಒದ್ದೆ ಗೋಣಿಯಲ್ಲಿ ಸುತ್ತಿಡಿ. ಎಷ್ಟು ಮೊಳೆತವು ಎಂದು ಎಣಿಸಿ, ನಿಮ್ಮ ಪುಸ್ತಕದಲ್ಲಿ ಬರೆದಿಡಿ. 70ಕ್ಕಿಂತ ಕಡಿಮೆ ಇದ್ದರೆ ಆ ಬೀಜ ನಂಬಿ ಹೊಲಕ್ಕೆ ಇಳಿಯಬೇಡಿ.