ಬೀರುವಿನ ಬೀಗ ತೆಗೆಯಿರಿ
(ಕುಪ್ಪಳ್ಳಿಯಲ್ಲಿ ಮಾಡಿದ ಭಾಷಣ)



ಇದು ಕುವೆಂಪು ಬೆಳೆದ ಊರು. 1974ರಲ್ಲಿ ಅವರು ವಿಚಾರಕ್ರಾಂತಿಗೆ ಕರೆ ಕೊಟ್ಟರು. ಆ ಕರೆಯನ್ನು ನಾವು ಸಭೆಗಳಲ್ಲಿ ನೆನೆಯುತ್ತೇವೆ, ಶಾಲೆಯ ಕೋಣೆಯಲ್ಲಿ ಮರೆಯುತ್ತೇವೆ. ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡುವ ಮಗು ನಾಳೆ ಯಾರನ್ನು ತಾನೇ ಪ್ರಶ್ನಿಸೀತು?

ಪೇಟೆಯಲ್ಲಿ ಈಗ ಮಕ್ಕಳ ವಿಜ್ಞಾನದ ಪೆಟ್ಟಿಗೆಗಳು ಮಾರಾಟಕ್ಕಿವೆ. ಮಸೂರ, ಅಯಸ್ಕಾಂತ, ತಂತಿ, ಪುಟ್ಟ ಬಲ್ಬು. ಉಳ್ಳವರ ಮಗು ಬಿಚ್ಚಿ ಜೋಡಿಸಿ ಕಲಿಯುತ್ತದೆ. ಗಿರಣಿ ಕೂಲಿಯವನ ಮಗು ಅದೇ ಪಾಠವನ್ನು ಕರಿಹಲಗೆಯಿಂದ ನಕಲು ಮಾಡುತ್ತದೆ. ಎಷ್ಟೋ ಶಾಲೆಗಳಲ್ಲಿ ಸಾಮಾನು ಇದೆ. ಒಡೆದೀತೆಂಬ ಭಯಕ್ಕೆ ಬೀರುವಿನಲ್ಲಿ ಬೀಗ ಬಿದ್ದಿದೆ.

ಬಡ ಶಾಲೆಗೆ ಇದೆಲ್ಲ ಆಗದು ಎನ್ನುವವರಿಗೆ ಒಂದು ಮಾತು. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಮಕ್ಕಳೇ ಪ್ರಯೋಗ ಮಾಡಿ ಕಲಿಯುವ ಕ್ರಮ ಆರಂಭವಾಯಿತು. ಅಗ್ಗದ ಸಾಮಾನುಗಳೇ ಉಪಕರಣ. ಅದು ನೂರಾರು ಶಾಲೆಗಳಿಗೆ ಹಬ್ಬಿತು. 2002ರಲ್ಲಿ ಸರ್ಕಾರವೇ ಅದನ್ನು ನಿಲ್ಲಿಸಿತು. ನಮ್ಮ ರಾಜ್ಯದಲ್ಲಿ ಅಗಸ್ತ್ಯ ಪ್ರತಿಷ್ಠಾನದ ಸಂಚಾರಿ ಪ್ರಯೋಗಾಲಯಗಳು ಹಳ್ಳಿ ಶಾಲೆಗಳಿಗೆ ಹೋಗುತ್ತವೆ. ಒಳ್ಳೆಯದೇ. ಆದರೆ ಗಾಡಿ ಸಂಜೆಗೆ ಹೊರಟುಹೋಗುತ್ತದೆ. ಮಗುವಿನ ಪ್ರಶ್ನೆ ಮರುದಿನವೂ ಉಳಿದಿರುತ್ತದೆ.

ನಮ್ಮ ಮನೆಗಳೇನು ಬರಿದಾಗಿವೆಯೇ? ಅರಿಸಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದೆ. ಆರತಿ ತಟ್ಟೆಯಲ್ಲಿ ದಿನವೂ ಕಂಡದ್ದೇ. ಅದಕ್ಕೆ ನಿಂಬೆರಸ ಹಿಂಡಿ, ಮತ್ತೆ ಹಳದಿ! ಸುಣ್ಣ ಕ್ಷಾರ, ನಿಂಬೆ ಆಮ್ಲ. ಇದಕ್ಕೆ ಯಾವ ಪೆಟ್ಟಿಗೆ ಬೇಕು? ಗಿರಣಿಯಲ್ಲಿ ದೊಡ್ಡ ಚಕ್ರದಿಂದ ಸಣ್ಣ ಚಕ್ರಕ್ಕೆ ಬೆಲ್ಟು ಹಾಕಿದರೆ ಸಣ್ಣದು ಬೇಗ ತಿರುಗುವುದೇಕೆಂದು ಕೆಲಸಗಾರನೇ ತೋರಿಸಬಲ್ಲ. ಅಂಗಡಿಯ ಅಣ್ಣಂದಿರೇ, ತಕ್ಕಡಿಯ ಎರಡು ತೋಳು ಸಮವಿಲ್ಲದಿದ್ದರೆ ಸರಕನ್ನೂ ಬೊಟ್ಟನ್ನೂ ಅದಲುಬದಲು ಮಾಡಿದಾಗ ಮೋಸ ಹೊರಬೀಳುತ್ತದೆ. ಪ್ರಾಮಾಣಿಕ ವ್ಯಾಪಾರಿಗೆ ಇದರಿಂದ ಭಯವಿಲ್ಲ. ಇದನ್ನು ಕೈಯಾರೆ ಮಾಡಿದ ಮಗುವಿಗೆ ಮುಂದೆ ಅಡಿಕೆ ಮಂಡಿಯಲ್ಲಾಗಲಿ, ಕೂಲಿಯ ಲೆಕ್ಕದಲ್ಲಾಗಲಿ ಮೋಸ ಮಾಡುವುದು ಸುಲಭವಲ್ಲ.

ಆದರೆ ಮನೆಯಲ್ಲಿ ಅರಿಸಿನವಿದೆಯೆಂದು ಸರ್ಕಾರ ಮಸೂರ ಕೊಡದೆ ಜಾರಿಕೊಳ್ಳಬಾರದು. ವೈಜ್ಞಾನಿಕ ಮನೋಭಾವವನ್ನು 1976ರಲ್ಲಿ ಸಂವಿಧಾನ ನಾಗರಿಕರ ಕರ್ತವ್ಯವೆಂದು ಬರೆದುಕೊಂಡಿತು. ಕರ್ತವ್ಯ ಹೊರಿಸಿದವರು ಸಲಕರಣೆಯನ್ನೂ ಕೊಡಬೇಕು.

ಮುಂದಿನ ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಿ. ಬೀರುವಿನಲ್ಲಿ ಏನಿದೆ ಎಂದು ಕೇಳಿ, ಪಟ್ಟಿ ಮಾಡಿಸಿ. ಒಡೆದ ಗಾಜಿಗೆ ಮೇಷ್ಟ್ರ ಸಂಬಳಕ್ಕೆ ಕೈಹಾಕಬಾರದೆಂದು ನಿರ್ಣಯ ಮಾಡಿಸಿ. ಮಗು ಮುಟ್ಟಿ ಒಡೆದ ಗಾಜಿನ ನಳಿಗೆ ನಷ್ಟವಲ್ಲ. ಯಾರೂ ಮುಟ್ಟದೆ ಧೂಳು ಹಿಡಿದದ್ದೇ ನಷ್ಟ.