ಹನ್ನೆರಡು ವರ್ಷದ ಬಾಲಕನ ಉತ್ತರ

ಯೇಸುವಿನ ಶೈಶವಕ್ಕೂ ಬಹಿರಂಗ ಬೋಧನೆಗೂ ನಡುವಿನ ದೀರ್ಘ ಅವಧಿಯ ಬಗ್ಗೆ ಸುವಾರ್ತೆಗಳು, ಅಂದರೆ ಆತನ ಜೀವನವನ್ನು ನಿರೂಪಿಸುವ ಹೊಸ ಒಡಂಬಡಿಕೆಯ ಮೊದಲ ನಾಲ್ಕು ಗ್ರಂಥಗಳು, ಮೌನವಾಗಿವೆ. ಆ ಮೌನವನ್ನು ಮುರಿಯುವ ಒಂದೇ ಪ್ರಸಂಗ ಲೂಕನ ಸುವಾರ್ತೆಯ 2ನೆಯ ಅಧ್ಯಾಯದಲ್ಲಿದ್ದು, ಅದು ಮಗನೊಬ್ಬ ತಂದೆತಾಯಿಯ ಕಣ್ಣಳತೆಯನ್ನು ಮೀರಿದ ಪ್ರಸಂಗವೇ ಆಗಿದೆ. ಐಗುಪ್ತದ ದಾಸ್ಯದಿಂದಾದ ಬಿಡುಗಡೆಯನ್ನು ಸ್ಮರಿಸುವ ಪಸ್ಕಹಬ್ಬವನ್ನು ಯೆರೂಸಲೇಮಿನಲ್ಲಿ ಮುಗಿಸಿ ನಜರೇತಿಗೆ ಮರಳುತ್ತಿದ್ದ ಯೋಸೇಫ ಮತ್ತು ಮರಿಯರು, 12 ವರ್ಷದ ಮಗ ಯಾತ್ರಿಕರ ಗುಂಪಿನಲ್ಲೇ ಇರುವನೆಂದು ಭಾವಿಸಿ ಒಂದು ದಿನದ ದಾರಿ ನಡೆದುಬಿಡುತ್ತಾರೆ. ಕಾಣದಿದ್ದಾಗ ಹಿಂದಿರುಗಿ ಹುಡುಕಿ, 3 ದಿನಗಳ ಮೇಲೆ, ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಆಲಿಸುತ್ತ ಪ್ರಶ್ನಿಸುತ್ತ ಇದ್ದ ಅವನನ್ನು ಕಾಣುತ್ತಾರೆ.

ತಾಯಿ ನೊಂದು ಆಕ್ಷೇಪಿಸಿದಾಗ ಬಾಲಕನು ಕೊಟ್ಟ ಉತ್ತರದ ಸಾರ, ತಾನು ತನ್ನ ತಂದೆಯ, ಅಂದರೆ ದೇವರ, ಮನೆಯಲ್ಲಿರಬೇಕಾದವನೆಂಬುದು. ಆ ಮಾತು ಹೆತ್ತವರಿಗೆ ಅರ್ಥವಾಗಲಿಲ್ಲವೆಂದು ಲೂಕನು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಬೆಳೆಯುತ್ತಿರುವ ಮಕ್ಕಳ ಮಾತು ತಿಳಿಯದೆ ತಬ್ಬಿಬ್ಬಾಗುವ ಇತರ ತಂದೆತಾಯಿಗೆ ಇದು ಒಂದಿಷ್ಟು ಸಮಾಧಾನ ತರಬಹುದು. ಇದಕ್ಕಿಂತ ವಿಚಾರಾರ್ಹವಾದುದು ಮುಂದಿನ ಮಾತು: ತನ್ನ ಮೇಲಿನ ಪರಮ ಅಧಿಕಾರ ಯಾರದೆಂದು ಅಷ್ಟು ಸ್ಪಷ್ಟವಾಗಿ ಹೇಳಿದವನೇ ಅವರೊಡನೆ ನಜರೇತಿಗೆ ಬಂದು ಅವರಿಗೆ ಅಧೀನನಾಗಿ ನಡೆದುಕೊಂಡನು. ಸ್ವಾತಂತ್ರ್ಯವೆಂದರೆ ವಿಧೇಯತೆಯ ಕೊನೆ ಎಂದು ತಿಳಿಯುವ ವಾದಗಳಿಗೆ ಈ ನಡೆ ಸುಲಭವಾಗಿ ಒಗ್ಗುವುದಿಲ್ಲ.

ಹಳೆಯ ಒಡಂಬಡಿಕೆಯ ಸಮುವೇಲನ ಮೊದಲನೆಯ ಗ್ರಂಥವು ಇದೇ ವಿಷಯವನ್ನು ಹಿರಿಯರ ಕಡೆಯಿಂದ ತೋರಿಸುತ್ತದೆ. ಹರಕೆ ಹೊತ್ತು ಪಡೆದ ಮಗ ಸಮುವೇಲನನ್ನು ಮೊಲೆ ಬಿಡಿಸಿದ ಮೇಲೆ ಶೀಲೋವಿನ ಆಲಯದಲ್ಲಿ ಯಾಜಕನಾದ, ಅಂದರೆ ದೇವರಿಗೆ ಬಲಿಯರ್ಪಿಸುವ ಪುರೋಹಿತನಾದ, ಏಲಿಯ ಬಳಿ ಬಿಟ್ಟ ಹನ್ನಳು, ವರ್ಷಕ್ಕೊಮ್ಮೆ ಬರುವಾಗ ಚಿಕ್ಕ ನಿಲುವಂಗಿಯೊಂದನ್ನು ಮಾಡಿ ತರುತ್ತಿದ್ದಳು. ಕಣ್ಣಿಗೆ ಬೀಳದ ಮಗನ ಎತ್ತರವನ್ನು ಅವಳು ಪ್ರತಿ ಬಾರಿಯೂ ಊಹಿಸಿಯೇ ಅಳತೆ ಹಿಡಿದಿರಬೇಕು. ರಾತ್ರಿಯಲ್ಲಿ ದೇವರು ಕರೆದಾಗ ಅದು ಏಲಿಯ ಕೂಗೆಂದೇ ತಿಳಿದು ಮೂರು ಬಾರಿ ಎದ್ದು ಓಡಿಬಂದ ಹುಡುಗನಿಗೆ, ಹೇಗೆ ಓಗೊಡಬೇಕೆಂಬುದನ್ನು ಮಾತ್ರ ಆ ವೃದ್ಧನು ಕಲಿಸಿ, ಹೋಗಿ ಮಲಗೆಂದು ಕಳುಹಿಸಿದನು. ಬಂದ ಸಂದೇಶವೋ ಏಲಿಯ ಮನೆತನಕ್ಕೇ ವಿರುದ್ಧವಾದ ತೀರ್ಪಾಗಿತ್ತು. ಹೇಳಲು ಹೆದರಿದ ಹುಡುಗನಿಗೆ ಏನನ್ನೂ ಮುಚ್ಚಿಡಬಾರದೆಂದು ಒತ್ತಾಯಿಸಿದವನು ಏಲಿಯೇ. ತನ್ನ ಸ್ವಂತ ಮಕ್ಕಳ ದುಷ್ಕೃತ್ಯಗಳನ್ನು ತಡೆಯಲಾರದೆ ಹೋದ ಆತನು, ಸಾಕಿದ ಹುಡುಗನ ಬಾಯಿಂದ ಆ ತೀರ್ಪನ್ನು ಪೂರ್ತಿಯಾಗಿ ಕೇಳಿ ಒಪ್ಪಿಕೊಂಡನು.