ತಾಮ್ರವೊಂದೇ ಮಾಡಬಲ್ಲ ಕೆಲಸ



ನಾನು ಪಾಠ ಹೇಳುವುದು ಉರ್ದು ಮತ್ತು ಕನ್ನಡ. ಆದರೂ ಇಂದು ತಾಮ್ರದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಮದುವೆ ಮನೆಯ ತಾಮ್ರದ ದೇಗ್‌ಗೆ ಕಲಾಯಿ ಹಾಕುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಪಾತ್ರೆ ತಾಮ್ರದ್ದು, ಒಳಗಿನ ತೆಳು ಲೇಪ ತವರದ್ದು. ಈ ಎರಡು ಲೋಹಗಳ ಇನ್ನೊಂದು ಗುಣವನ್ನು ಗಮನಿಸಿ.

ಬೈಕಾರ್ಬನೇಟ್ ಕರಗಿಸಿದ ನೀರಿಗೆ ಇಂಗಾಲದ ಡೈಆಕ್ಸೈಡ್ ಹಾಯಿಸಿ, ಲೋಹದ ಪಟ್ಟಿಯನ್ನು ಕ್ಯಾಥೋಡ್ ಆಗಿಟ್ಟು ವಿದ್ಯುತ್ ಹರಿಸಿದರೆ ಆ ಅನಿಲ ಬೇರೆ ವಸ್ತುವಾಗುತ್ತದೆ. ಏನಾಗುತ್ತದೆ ಎಂಬುದು ಲೋಹದ ಮೇಲೆ ನಿಂತಿದೆ. ತವರವಿಟ್ಟರೆ ಫಾರ್ಮೇಟ್ ಬರುತ್ತದೆ. ಇದೇ ಬಳಗದ ಫಾರ್ಮಿಕ್ ಆಮ್ಲದಿಂದಲೇ ರಬ್ಬರ್ ತೋಟದವರು ರಬ್ಬರ್ ಹಾಲನ್ನು ಹೆಪ್ಪುಗಟ್ಟಿಸುವುದು. ಚಿನ್ನ, ಬೆಳ್ಳಿ ಇಟ್ಟರೆ ಇಂಗಾಲದ ಮೊನಾಕ್ಸೈಡ್. ಪ್ಲಾಟಿನಂ ಇಟ್ಟರೆ ನೀರೇ ಒಡೆದು ಬರೀ ಜಲಜನಕ. ಮೀಥೇನ್, ಎಥಿಲೀನ್, ಎಥನಾಲ್‌ಗಳನ್ನು ಹೇಳಿಕೊಳ್ಳುವಷ್ಟು ಪ್ರಮಾಣದಲ್ಲಿ ಕೊಡುವುದು ಶುದ್ಧ ಲೋಹಗಳಲ್ಲಿ ತಾಮ್ರವೊಂದೇ. 1980ರ ದಶಕದಲ್ಲಿ ಜಪಾನಿನ ಚಿಬಾ ವಿಶ್ವವಿದ್ಯಾಲಯದ ಯೋಶಿಯೊ ಹೋರಿ ಮತ್ತು ಸಂಗಡಿಗರು ಒಂದೊಂದೇ ಲೋಹವನ್ನಿಟ್ಟು ಅಳೆದು ಇದನ್ನು ತೋರಿಸಿದರು. ಚಿನ್ನಕ್ಕಾಗದ್ದು ತಾಮ್ರಕ್ಕಾಯಿತು ಎಂದು ನನಗಂತೂ ಖುಷಿ.

ಕಾರಣ ಸರಳ. ದಾರಿಯ ನಡುವೆ ಹುಟ್ಟುವ ಮೊನಾಕ್ಸೈಡನ್ನು ಬೆಳ್ಳಿ ಬೇಗ ಬಿಟ್ಟುಕೊಡುತ್ತದೆ. ಪ್ಲಾಟಿನಂ ಬಿಗಿಹಿಡಿದು ಬಿಡುವುದೇ ಇಲ್ಲ. ತಾಮ್ರದ ಹಿಡಿತ ಹದವಾದದ್ದು. ಹಾಗಾಗಿ ಎರಡು ಅಣುಗಳು ಪಕ್ಕಪಕ್ಕ ಕುಳಿತು ಕೂಡಿಕೊಳ್ಳಲು ಸಮಯ ಸಿಗುತ್ತದೆ.

ಆದರೆ ತಾಮ್ರ ಒಂದೇ ಕೆಲಸಕ್ಕೆ ಅಂಟಿಕೊಳ್ಳುವುದಿಲ್ಲ. 2012ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಎಣಿಸಿದಾಗ ಅದರಿಂದ ಬಂದ ವಸ್ತುಗಳು 16! ಅವನ್ನು ಬೇರ್ಪಡಿಸುವ ಖರ್ಚೇ ಹೆಚ್ಚು. ಅದಕ್ಕಾಗಿ ವಿಜ್ಞಾನಿಗಳು ತಾಮ್ರದ ಮೇಲ್ಮೈಯನ್ನೇ ತಿದ್ದುತ್ತಿದ್ದಾರೆ. ಪರಮಾಣುಗಳು ಚೌಕಾಕಾರವಾಗಿ ಕುಳಿತ ಮುಖದಲ್ಲಿ ಎಥಿಲೀನ್ ಹೆಚ್ಚು, ತ್ರಿಕೋನವಾಗಿ ಕುಳಿತಲ್ಲಿ ಮೀಥೇನ್ ಹೆಚ್ಚು. 2018ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ತಂಡ ಅನಿಲ ಹಾಯುವ ಪೊರೆಯ ಮೇಲೆ ತೆಳುವಾಗಿ ತಾಮ್ರ ಬಳಿದು, ಗಾಢ ಕ್ಷಾರದಲ್ಲಿ ಸುಮಾರು 70 ಶೇಕಡಾ ವಿದ್ಯುತ್ತನ್ನು ಎಥಿಲೀನ್‌ಗೇ ಸಲ್ಲಿಸಿತು. ಪಾಲಿಥಿನ್ ಆಗುವುದು ಇದೇ ಎಥಿಲೀನ್. ಅದು ನಡೆದದ್ದು 150 ಗಂಟೆ, ಅಂದರೆ ಆರು ದಿನ ಚಿಲ್ಲರೆ. ಕಾರ್ಖಾನೆ ವರ್ಷಗಟ್ಟಲೆ ನಡೆಯಬೇಕು.

ವಿದ್ಯುತ್ತಿನ ಲೆಕ್ಕವೂ ಇದೆ. ಒಂದು ಎಥಿಲೀನ್ ಅಣುವಿಗೆ 12 ಎಲೆಕ್ಟ್ರಾನ್ ಬೇಕು. ಆ ವಿದ್ಯುತ್ ಕಲ್ಲಿದ್ದಲಿನಿಂದ ಬಂದರೆ, ಬಳಸಿದ್ದಕ್ಕಿಂತ ಹೆಚ್ಚು ಡೈಆಕ್ಸೈಡ್ ಚಿಮಣಿಯಿಂದ ಹೊರಬೀಳುತ್ತದೆ. ಪತ್ರಿಕೆಗಳಲ್ಲಿ ಇಂಥ ಸುದ್ದಿ ಓದಿದಾಗ ಮೊದಲು ಈ ಪ್ರಶ್ನೆ ಕೇಳಿ.

ವಿದ್ಯುದ್ವಿಭಜನೆಯ ಪಾಠವನ್ನು ಅಂಕಕ್ಕಾಗಿ ಬಾಯಿಪಾಠ ಮಾಡುವ ಮಕ್ಕಳೇ, ನಿಮಗೊಂದು ಬಿಡಿಸದ ಲೆಕ್ಕ. ಕ್ಷಾರದಲ್ಲಿ ಬಹಳಷ್ಟು ಡೈಆಕ್ಸೈಡ್ ಕಾರ್ಬೊನೇಟ್ ಆಗಿ ವ್ಯರ್ಥವಾಗುತ್ತದೆ. ಅದನ್ನು ತಪ್ಪಿಸಲು ಆಮ್ಲಕ್ಕೆ ಹೋದರೆ ಜಲಜನಕ ಮುಂದೆ ನುಗ್ಗುತ್ತದೆ.